ಊದುಗೊಳವೆಯೂ ಟರ್ಬೊ ಡೀಸೆಲ್ ಎಂಜಿನೂ



ನಮ್ಮ ಪುತ್ತೂರು ಸೀಮೆಯ ಹಳೆಯ ಅಡುಗೆಮನೆಗಳಲ್ಲಿ ಒಲೆಯ ಬದಿಗೆ ಒಂದು ಊದುಗೊಳವೆ ಇರುತ್ತಿತ್ತು. ಆಟಿ ತಿಂಗಳ ಮಳೆಯಲ್ಲಿ ನೆಂದ ಸೌದೆ ಬರಿಯ ಹೊಗೆಯನ್ನು ಕಾರುತ್ತಿದ್ದಾಗ ಅಮ್ಮ ಅದನ್ನೆತ್ತಿ ನಾಲ್ಕು ಸಲ ಊದಿದರೆ ಬೆಂಕಿ ಭುಗಿಲೇಳುತ್ತಿತ್ತು. ಒಲೆ ಅದೇ, ಸೌದೆ ಅದೇ. ಹೆಚ್ಚಿದ್ದು ಗಾಳಿ ಮಾತ್ರ. ಕಾರುಗಳ ಟರ್ಬೊ ಡೀಸೆಲ್ ಎಂಜಿನಿನ ಗುಟ್ಟೂ ಇಷ್ಟೆ.

ಕನ್ನಡದ ಮಾಸ್ಟ್ರಿಗೆ ಎಂಜಿನಿನ ಗೊಡವೆ ಏಕೆಂದು ನೀವು ಕೇಳಬಹುದು. ಕೆಲವು ವರ್ಷಗಳ ಹಿಂದೆ, ಮಳೆಗಾಲದ ಒಂದು ರಾತ್ರಿ, ನನ್ನ ಅಕ್ಕನಿಗೆ ಎದೆನೋವು ಕಾಣಿಸಿಕೊಂಡಿತು. ಸುಳ್ಯದ ಆಚೆಯ ಅವಳ ಮನೆಯಿಂದ ಮಂಗಳೂರಿನ ಆಸ್ಪತ್ರೆಗೆಂದು ನನ್ನ ಕಾರಿನಲ್ಲಿ ಹೊರಟೆವು. ಒಂದು ಏರಿನಲ್ಲಿ ಕಾರು ಒಮ್ಮೆಲೆ ಬಲಗುಂದಿತು. ಹಿಂದಿನಿಂದ ನೀಲಿ ಹೊಗೆ ಎದ್ದಿತು. ಪುಣ್ಯಕ್ಕೆ ಹಿಂದೆ ಬಂದ ಒಂದು ಹಳೆಯ ಜೀಪು ನಮ್ಮನ್ನು ಹತ್ತಿಸಿಕೊಂಡಿತು, ಅಕ್ಕ ಉಳಿದಳು. ಮರುದಿನ ಮೆಕ್ಯಾನಿಕ್ ಕೇಳಿದ ಮೊದಲನೆಯ ಪ್ರಶ್ನೆ ಇದು: “ಮಾಸ್ಟ್ರೆ, ಎಣ್ಣೆ ಬದಲಿಸಿ ಎಷ್ಟು ಸಮಯ ಆಯ್ತು?” ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯ ಅರ್ಥವನ್ನು ತಿಳಿಯಹೊರಟವನಿಗೆ ದೊರೆತದ್ದನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಡೀಸೆಲ್ ಎಂಜಿನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಒಳಗೆ ಎಳೆದುಕೊಂಡ ಗಾಳಿಯನ್ನು ಅದರ ಹದಿನಾರನೆಯ ಒಂದು ಪಾಲಿಗೋ ಇನ್ನೂ ಕಡಿಮೆಗೋ ಅದುಮಿದರೆ ಆ ಗಾಳಿಯೇ ಐನೂರು ಡಿಗ್ರಿಗೂ ಮೀರಿ ಕಾಯುತ್ತದೆ. ಅದರೊಳಕ್ಕೆ ಡೀಸೆಲನ್ನು ತುಂತುರಾಗಿ ಚಿಮ್ಮಿಸಿದಾಗ ತಾನಾಗಿ ಉರಿಯುತ್ತದೆ. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರನು 1897ರಲ್ಲಿ ಔಗ್ಸ್‌ಬರ್ಗ್ ನಗರದಲ್ಲಿ ಇದನ್ನು ಸಾಧಿಸಿ ತೋರಿಸಿದನು. ಉರಿದ ಮೇಲೆ ಹೊರಬೀಳುವ ಹೊಗೆಯೊಡನೆ ಇಂಧನದ ಶಾಖದ ಒಂದು ದೊಡ್ಡ ಪಾಲು ವ್ಯರ್ಥವಾಗುತ್ತಿತ್ತು. ಅದನ್ನೇ ದುಡಿಸಿಕೊಳ್ಳುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದನು. ಹೊರಹೋಗುವ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ; ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನಿಗೆ ತುಂಬುತ್ತದೆ. ಇದೇ ಟರ್ಬೊ. ಊದುಗೊಳವೆಯನ್ನು ಹೊಗೆಯೇ ಊದುವಂತಾದದ್ದು ಇದರ ಸೊಗಸು.

ಇದರ ಫಲವನ್ನು ನಮ್ಮ ರಸ್ತೆಗಳಲ್ಲಿಯೇ ನೋಡಿದ್ದೇವೆ. ಬಿಡದಿಯ ಕಾರ್ಖಾನೆಯಿಂದ 2000ದಲ್ಲಿ ಹೊರಬಂದ ಟೊಯೊಟಾ ಕ್ವಾಲಿಸ್‌ಗೆ ಟರ್ಬೊ ಇರಲಿಲ್ಲ. ಅದರ ಎಂಜಿನಿನ ಗಾತ್ರ 2446 ಘನ ಸೆಂಟಿಮೀಟರ್. ಶಕ್ತಿ ಸುಮಾರು 75 ಅಶ್ವಶಕ್ತಿ. 2007ರಲ್ಲಿ ಮಾರುತಿ ಸ್ವಿಫ್ಟ್‌ಗೆ ಬಂದ, ಫಿಯೆಟ್ ಮೂಲದ ಟರ್ಬೊ ಡೀಸೆಲ್ ಎಂಜಿನಿನ ಗಾತ್ರ 1248 ಘನ ಸೆಂಟಿಮೀಟರ್ ಮಾತ್ರ. ಶಕ್ತಿ ಮಾತ್ರ ಅಷ್ಟೇ, 75. ಅರ್ಧ ಗಾತ್ರದ ಎಂಜಿನ್ ಅದೇ ಹೊರೆಯನ್ನು ಹೊತ್ತಿತು.

ಆದರೆ ಏರುದಾರಿಯ ನಮಗೆ ಅಶ್ವಶಕ್ತಿಗಿಂತ ಮುಖ್ಯವಾದುದು ಇನ್ನೊಂದು ಅಂಕಿ. ಟಾರ್ಕ್ ಎಂಬ ತಿರುಗಿಸುವ ಬಲ. ಆ ಸಣ್ಣ ಎಂಜಿನ್ ನಿಮಿಷಕ್ಕೆ 2000 ಸುತ್ತಿನಲ್ಲಿಯೇ 190 ನ್ಯೂಟನ್ ಮೀಟರ್ ಬಲವನ್ನು ಕೊಡುತ್ತಿತ್ತು. ಲೆಕ್ಕ ಹಾಕಿದರೆ ಸುಮಾರು 54 ಅಶ್ವಶಕ್ತಿ. ಪೂರ್ಣ 75 ಬೇಕಾದರೆ 4000 ಸುತ್ತು ತಿರುಗಬೇಕು. ಎಂದರೆ ಅರ್ಧ ವೇಗದಲ್ಲಿಯೇ ಮುಕ್ಕಾಲು ಪಾಲಿಗೆ ಹತ್ತಿರದ ಶಕ್ತಿ ಕೈಗೆ ಬಂತು. 2005ರ ಇನ್ನೋವಾದ ಎರಡೂವರೆ ಲೀಟರಿನ ಟರ್ಬೊ ಎಂಜಿನ್ 1400 ಸುತ್ತಿನಿಂದಲೇ 200 ನ್ಯೂಟನ್ ಮೀಟರ್ ಕೊಡುತ್ತಿತ್ತು. ಸಂಪಾಜೆ ಘಾಟಿಯ ತಿರುವಿನಲ್ಲಿ ತುಂಬಿದ ಗಾಡಿ ಏದುಸಿರು ಬಿಡದೆ ಏರುವುದು ಈ ಗುಣದಿಂದ. ಮಡಿಕೇರಿಯ ಎತ್ತರ ಸಮುದ್ರಮಟ್ಟದಿಂದ ಸುಮಾರು 1150 ಮೀಟರ್. ಅಲ್ಲಿ ಗಾಳಿ ಹತ್ತನೆಯ ಒಂದು ಪಾಲಿನಷ್ಟು ತೆಳು. ಟರ್ಬೊ ಇಲ್ಲದ ಎಂಜಿನ್ ಅಷ್ಟರಮಟ್ಟಿಗೆ ಸೊರಗುತ್ತದೆ. ಟರ್ಬೊ ಆ ಕೊರತೆಯನ್ನು ಬಹುಪಾಲು ತುಂಬಿಕೊಡುತ್ತದೆ.

ಇನ್ನು ಬಾಳಿಕೆಯ ಮಾತು. ಟರ್ಬೊದ ದಂಡ ನಿಮಿಷಕ್ಕೆ ಒಂದು ಲಕ್ಷಕ್ಕೂ ಮಿಕ್ಕಿ ಸುತ್ತು ತಿರುಗಬಲ್ಲುದು. ಅದರ ಒಂದು ತುದಿಗೆ ನೂರಾರು ಡಿಗ್ರಿಯ ಬಿಸಿಹೊಗೆ, ಇನ್ನೊಂದು ತುದಿಗೆ ಹೊರಗಿನ ಗಾಳಿ. ನಡುವೆ ಅದನ್ನು ತೇಲಿಸಿ ಕಾಪಾಡುವುದು ಎಣ್ಣೆಯ ಒಂದು ತೆಳುವಾದ ಪದರ. ಎಣ್ಣೆ ಹಳತಾಗಿ ಮಸಿಗಟ್ಟಿದರೆ ಆ ಪದರ ಹರಿಯುತ್ತದೆ, ದಂಡ ಸವೆಯುತ್ತದೆ, ಎಣ್ಣೆ ಸೋರಿ ಎಂಜಿನಿನಲ್ಲಿ ಉರಿದು ನೀಲಿ ಹೊಗೆಯಾಗುತ್ತದೆ. ಆ ರಾತ್ರಿ ನಡೆದದ್ದು ಇದೇ. ದೋಷ ಎಂಜಿನಿನದಲ್ಲ, ನನ್ನದು.

ಆದುದರಿಂದ ಮೂರು ನಾಲ್ಕು ಮಾತುಗಳನ್ನು ನೆನಪಿಡೋಣ. ಎಣ್ಣೆಯನ್ನೂ ಗಾಳಿ ಸೋಸುವ ಫಿಲ್ಟರನ್ನೂ ಕೈಪಿಡಿ ಹೇಳಿದ ಅವಧಿಗೆ ಬದಲಿಸಬೇಕು. ಘಾಟಿ ಏರಿ ಬಂದ ಎಂಜಿನನ್ನು ಒಡನೆಯೇ ಆರಿಸದೆ ಒಂದೆರಡು ನಿಮಿಷ ಸುಮ್ಮನೆ ತಿರುಗಲು ಬಿಡಬೇಕು. ಇಲ್ಲವಾದರೆ ಕಾದ ಟರ್ಬೊದಲ್ಲಿ ನಿಂತ ಎಣ್ಣೆ ಸುಟ್ಟು ಕರಿಯಾಗುತ್ತದೆ. ನೀರು ಹರಿಯುವ ಮುಳುಗು ಸೇತುವೆಯ ಮೇಲೆ ಗಾಡಿ ಇಳಿಸಬಾರದು. ಜೀವಕ್ಕೆ ಅಪಾಯವೆಂಬುದು ಮೊದಲನೆಯ ಕಾರಣ. ಗಾಳಿಯಂತೆ ನೀರನ್ನು ಅದುಮಲಾಗದು, ಒಳಹೊಕ್ಕರೆ ಎಂಜಿನಿನ ಕನೆಕ್ಟಿಂಗ್ ರಾಡು ಬಾಗುತ್ತದೆ ಎಂಬುದು ಎರಡನೆಯದು.

2020ರ ಏಪ್ರಿಲಿನಲ್ಲಿ ಭಾರತ್ ಸ್ಟೇಜ್ ಆರರ ನಿಯಮ ಬಂದಂದಿನಿಂದ ಹೊಸ ಡೀಸೆಲ್ ಕಾರುಗಳಿಗೆ ಮಸಿಯನ್ನು ಹಿಡಿದಿಡುವ ಸೋಸುಕವೂ ಸೇರಿದೆ. ಸಂಗ್ರಹವಾದ ಮಸಿ ಸುಟ್ಟುಹೋಗಲು ಸೋಸುಕ ಚೆನ್ನಾಗಿ ಕಾಯಬೇಕು. ಅದಕ್ಕೆ ಆಗಾಗ ದೂರದ ಓಟ ಬೇಕು. ದಿನವೂ ಮನೆಯಿಂದ ಪೇಟೆಗೆ ಎರಡು ಮೈಲಿ ಹೋಗಿಬರುವವನಿಗೆ ಡೀಸೆಲ್ ಕಾರು ತಕ್ಕುದಲ್ಲ. ಮಾರುತಿ ಸಂಸ್ಥೆ ಅದೇ ವರ್ಷ ಡೀಸೆಲ್ ಕಾರುಗಳನ್ನು ನಿಲ್ಲಿಸಿತು. ಆದರೂ ಆ ಕಾಲದ ಗಾಡಿಗಳು ನಮ್ಮ ಅನೇಕ ಅಂಗಳಗಳಲ್ಲಿ ಇನ್ನೂ ನಿಂತಿವೆ. ಎಷ್ಟೋ ಮನೆಗಳಿಗೆ ಆಪತ್ಕಾಲದ ಆಸರೆ ಅದೊಂದೇ.

ಈಗ ನನ್ನ ಕಾರಿನಲ್ಲಿ ಒಂದು ಸಣ್ಣ ನೋಟು ಪುಸ್ತಕವಿದೆ. ಎಣ್ಣೆ ಬದಲಿಸಿದ ದಿನಾಂಕ ಮತ್ತು ಓಡಿದ ಕಿಲೋಮೀಟರನ್ನು ಅದರಲ್ಲಿ ಬರೆದಿಡುತ್ತೇನೆ. ಅಕ್ಕ ಕಾರು ಹತ್ತುವ ಮೊದಲು ಆ ಪುಸ್ತಕವನ್ನು ಕೇಳಿ ಪಡೆದು ಕೊನೆಯ ಸಾಲನ್ನು ಓದುತ್ತಾಳೆ. ಆಮೇಲಷ್ಟೆ ಬಾಗಿಲು ಹಾಕಿಕೊಳ್ಳುತ್ತಾಳೆ.