ಒಟ್ಟಿಗೆ ಕೂತು ಉಣ್ಣುವ ಬಂಗುಡೆ

ನಮ್ಮ ಬ್ಯಾರಿ ಮನೆಗಳಲ್ಲಿ ಮೀನಿಲ್ಲದಿದ್ದರೆ ಊಟ ಮಾಡಿದ ಹಾಗೆಯೇ ಆಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯದ ದಿನಗಳಲ್ಲೂ ಒಣಮೀನಿನ ಚಟ್ನಿಯಾದರೂ ಬೇಕು. ಮೀನು ಕಾಯಿಸುವುದರಲ್ಲಿ ನಮ್ಮ ಹೆಂಗಸರನ್ನು ಮೀರಿಸುವವರಿಲ್ಲ ಎಂದು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಆ ಹೆಮ್ಮೆಯ ಹಿಂದಿರುವ ಒಂದು ವಿಷಯ ನಮ್ಮ ಕಣ್ಣಿಗೆ ಬಿದ್ದದ್ದು ತಡವಾಗಿ.

ಕಾವಲಿಯಲ್ಲಿ ಒಂದು ಸಲಕ್ಕೆ ಎರಡೋ ಮೂರೋ ಬಂಗುಡೆ ಹಿಡಿಯುತ್ತದೆ. ಮೊದಲು ಕಾದದ್ದು ಮಕ್ಕಳಿಗೆ, ಎರಡನೆಯದು ನಮಗೆ ಮತ್ತು ಉಮ್ಮನಿಗೆ. ಎಣ್ಣೆಯ ಹೊಗೆಯಲ್ಲಿ ನಿಂತು ಕಾಯಿಸಿದವಳು ಕೊನೆಗೆ ಅಡುಗೆಮನೆಯಲ್ಲೇ ಒಬ್ಬಳೇ ಕೂತು, ಉಳಿದ ಬಾಲದ ತುಂಡಿನಲ್ಲಿ ಉಣ್ಣುವುದು. ಮದುವೆಯಾಗಿ ಹದಿನೆಂಟು ವರ್ಷ ಇದನ್ನು ನೋಡುತ್ತಲೇ ನಾವು ಉಂಡೆವು. ಒಂದು ರಾತ್ರಿ ಉಮ್ಮ ಹೇಳಿದರು: "ಬಿಸಿ ಮೀನಿನ ರುಚಿ ನನಗೆ ಗೊತ್ತಾದದ್ದು ಸೊಸೆ ಬಂದ ಮೇಲೆ, ಮೋನೇ. ಅವಳಿಗೆ ಗೊತ್ತಾಗುವುದು ಯಾವಾಗ?"

ಮಕ್ಕಳ ಹಟಕ್ಕೆ ಕೇಕ್ ಮಾಡಲೆಂದು ತಂದ ಓವನ್ ಮನೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು. ಆರು ಬಂಗುಡೆಯನ್ನು ಅದರಲ್ಲಿ ಒಂದೇ ಸಲ ಬೇಯಿಸಿದರೆ ಹೇಗೆ ಎಂದು ನಾವೇ ಹೊರಟೆವು. ಮೊದಲ ಸಲ ಎಡವಟ್ಟಾಯಿತು. ಒದ್ದೆ ಮೀನಿಗೆ ಹಸಿ ಮಸಾಲೆ ಮೆತ್ತಿ ಇಟ್ಟೆವು. ಮೀನು ನೀರು ಬಿಟ್ಟು ತಟ್ಟೆಯೆಲ್ಲ ತೆಳ್ಳಗಿನ ಸಾರು, ಹುಣಸೆಯ ಹಸಿ ವಾಸನೆ ಬೇರೆ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಮೀನು ಬೇಯುತ್ತದೆ, ಆದರೆ ನೀರುಳ್ಳಿ, ಹುಣಸೆ ಬೇಯುವುದಿಲ್ಲ. ಹಾಗಾಗಿ ಮಸಾಲೆಯನ್ನು ಮೊದಲೇ ಬಾಣಲೆಯಲ್ಲಿ ಬಾಡಿಸಿಕೊಳ್ಳಬೇಕು. ಎರಡನೇ ಸಲ ಹಾಗೆ ಮಾಡಿದೆವು, ಸರಿಯಾಯಿತು.

ಕಿಲೋಗೆ ಆರು ತೂಗುವ ಬಂಗುಡೆ ತೆಗೆದುಕೊಳ್ಳಿ. ಕಣ್ಣು ಹೊಳೆಯುತ್ತಿರಬೇಕು, ಕಿವಿರು ಕೆಂಪಗಿರಬೇಕು, ಬೆರಳಿನಿಂದ ಒತ್ತಿದರೆ ಗುಳಿ ನಿಲ್ಲಬಾರದು. ಮನೆಗೆ ತಂದ ಕೂಡಲೇ ಫ್ರಿಜ್‌ನಲ್ಲಿಡಿ. ಐಸ್ ಇಲ್ಲದೆ ಬಿಸಿಲಲ್ಲಿ ಬಿದ್ದಿದ್ದ ಬಂಗುಡೆಯಲ್ಲಿ ಹಿಸ್ಟಮಿನ್ ಎಂಬ ಅಂಶ ಹೆಚ್ಚುತ್ತದೆ. ಮುಖ ಕೆಂಪಾಗುವುದು, ಮೈ ತುರಿಸುವುದು ಅದರಿಂದಲೂ ಆಗುವುದುಂಟು. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ.

ಮೀನಿಗೆ ಎರಡೂ ಬದಿ ಮೂರು ಮೂರು ಗೆರೆ ಹಾಕಿ, ತೊಳೆದು, ಬಟ್ಟೆಯಿಂದ ಒತ್ತಿ ಒರೆಸಿ, ಉಪ್ಪು, ಅರಿಶಿನ ಹಚ್ಚಿಡಿ. ಓವನನ್ನು 200 ಡಿಗ್ರಿಗೆ ಕಾಯಲು ಇಡಿ. ಹತ್ತು ಬ್ಯಾಡಗಿ ಮೆಣಸು, ಎರಡು ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, ಅರ್ಧ ಚಮಚ ಕಾಳುಮೆಣಸನ್ನು ಸ್ವಲ್ಪ ಹುರಿದು, ಎಂಟು ಎಸಳು ಬೆಳ್ಳುಳ್ಳಿ, ಒಂದು ತುಂಡು ಶುಂಠಿ, ನೆಲ್ಲಿಕಾಯಿ ಗಾತ್ರದ ಹುಣಸೆಹುಳಿ ಸೇರಿಸಿ ಗಟ್ಟಿಯಾಗಿ ಅರೆಯಿರಿ. ಎರಡು ದೊಡ್ಡ ಚಮಚ ತೆಂಗಿನೆಣ್ಣೆಯಲ್ಲಿ ಸಣ್ಣಗೆ ಹೆಚ್ಚಿದ ಎರಡು ನೀರುಳ್ಳಿ, ಕರಿಬೇವು, ಒಂದು ಟೊಮೆಟೊ ಬಾಡಿಸಿ, ಅರೆದದ್ದನ್ನು ಹಾಕಿ ಎಣ್ಣೆ ಬಿಡುವವರೆಗೆ ಕೈಯಾಡಿಸಿ. ಮೀನಿಗೆ ಉಪ್ಪು ಹಾಕಿದ್ದು ನೆನಪಿರಲಿ, ಇಲ್ಲಿ ಕಡಿಮೆ ಸಾಕು. ಚೂರು ಬೆಲ್ಲ ಹಾಕಿದರೆ ಹುಳಿ, ಖಾರ ಹದಕ್ಕೆ ಬರುತ್ತದೆ.

ಬಾಳೆಲೆಯನ್ನು ಬೆಂಕಿಗೆ ಹಿಡಿದು ಬಾಡಿಸಿ ಓವನ್ ತಟ್ಟೆಗೆ ಹಾಸಿ. ಹುಳಿ ಮಸಾಲೆ ನೇರ ಅಲ್ಯೂಮಿನಿಯಂ ಫಾಯಿಲ್‌ಗೆ ತಾಗದಿರುವುದು ಒಳ್ಳೆಯದು. ಮೀನನ್ನು ಒಂದರ ಮೇಲೊಂದು ಬೀಳದಂತೆ ಸಾಲಾಗಿಟ್ಟು, ಗೆರೆಗಳೊಳಗೆ ಮಸಾಲೆ ತುಂಬಿ, ಉಳಿದದ್ದನ್ನು ಮೇಲೆ ಹರಡಿ, ಇನ್ನೊಂದು ಎಲೆ ಮುಚ್ಚಿ. ಹನ್ನೆರಡು ನಿಮಿಷ ಕಳೆದು ಮೇಲಿನ ಎಲೆ ತೆಗೆದು ಮತ್ತೆ ಐದು ನಿಮಿಷ ಇಡಿ. ಬೆನ್ನಿನ ದಪ್ಪ ಭಾಗದ ಮಾಂಸ ಮುಳ್ಳಿನಿಂದ ಸುಲಭವಾಗಿ ಬಿಟ್ಟು ಬಂದರೆ ಬೆಂದಿದೆ ಎಂದರ್ಥ. ಓವನ್ ಇಲ್ಲದವರು ದಪ್ಪ ಕಾವಲಿಯಲ್ಲಿ ಎಲೆಯ ಪೊಟ್ಟಣ ಮಾಡಿಟ್ಟು, ಮುಚ್ಚಳ ಹಾಕಿ, ಸಣ್ಣ ಉರಿಯಲ್ಲಿ ಒಂದೊಂದು ಬದಿ ಎಂಟು ನಿಮಿಷ ಬೇಯಿಸಬಹುದು. ಕುಚಲಕ್ಕಿ ಅನ್ನಕ್ಕೂ ಸರಿ, ಪತ್ತಿರ್‌ಗೂ ಸರಿ.

ಆ ರಾತ್ರಿ ಇಶಾ ಕಳೆದು ಮನೆಗೆ ಬಂದವರು ಮುಕ್ಕಾಲು ಗಂಟೆಯಲ್ಲಿ ಊಟಕ್ಕೆ ಕೂತೆವು. ಮೀನು ಓವನ್‌ನಲ್ಲಿದ್ದ ಹೊತ್ತಿಗೆ ಪಾತ್ರೆಯೂ ತೊಳೆದಾಗಿತ್ತು. ಸುಪ್ರ ಹಾಸಿ ಆರು ಜನವೂ ಸುತ್ತ ಕೂತಾಗ ಉಮ್ಮ ದೊಡ್ಡ ಬಂಗುಡೆಯನ್ನು ಮೊದಲು ಸೊಸೆಯ ಬಟ್ಟಲಿಗೆ ಹಾಕಿದರು. ಅವಳು ಒಂದು ತುಂಡು ಬಾಯಿಗಿಟ್ಟು, "ಉಪ್ಪು ಸ್ವಲ್ಪ ಕಡಿಮೆಯಾಯ್ತು" ಎಂದಳು. ಮತ್ತೆ ಏನೂ ಮಾತಾಡದೆ ಅದನ್ನು ಬಿಸಿಬಿಸಿಯಾಗಿಯೇ ತಿಂದು ಮುಗಿಸಿದಳು.

ಕಾಯಿಸಿದ ಮೀನು ಬೇಡ ಎಂದು ನಾವು ಹೇಳುತ್ತಿಲ್ಲ. ವಾರಕ್ಕೊಂದು ರಾತ್ರಿ ಹೀಗೂ ಮಾಡಿ ನೋಡಿ. ಗಂಡಸರೇ ಮಾಡಿದರೆ ಇನ್ನೂ ಒಳ್ಳೆಯದು.