ಜಗಲಿ ಮೇಲಿನ ಹಾಜರಿ

ಕುಣಿಗಲ್ಲಿನಿಂದ ಮದ್ದೂರಿನ ಕಡೆಗೆ ಹೋಗುವ ಬಸ್ಸು ಹತ್ತಿ 20 ಕಿಲೋಮೀಟರಿನ ಆಸುಪಾಸು ಸಾಗಿದರೆ ದೊಡ್ಡ ಬಂಡೆಬೆಟ್ಟವೊಂದು ಎದುರಾಗುತ್ತದೆ. ಅದರ ಮಗ್ಗುಲಿನ ಊರೇ ಹುಲಿಯೂರುದುರ್ಗ. ಬೆಂಗಳೂರಿನ ಸುತ್ತಣ ನವದುರ್ಗಗಳಲ್ಲಿ ಒಂದೆಂದು ಎಣಿಸುವ ಈ ಬೆಟ್ಟವನ್ನು ಹತ್ತಲೆಂದೇ ಭಾನುವಾರ ಬಂದು ಹೋಗುವವರಿದ್ದಾರೆ. ಬೆಟ್ಟ ಇಳಿದವರು ಹಾಗೇ ಸುತ್ತಲ ಹಳ್ಳಿಗಳ ಕಡೆಗೂ ಒಂದು ಹೆಜ್ಜೆ ಹಾಕಿದರೆ ರಾಗಿ ಹೊಲ, ಹಿಪ್ಪುನೇರಳೆ ತೋಟ, ತೆಂಗಿನ ಸಾಲು, ಹಾಲಿನ ಡೇರಿ, ಅದರಾಚೆ ಒಂದು ಸರ್ಕಾರಿ ಶಾಲೆ ಕಾಣುತ್ತವೆ. ಒಬ್ಬರೋ ಇಬ್ಬರೋ ಮೇಷ್ಟ್ರು, ಬೆರಳೆಣಿಕೆಯ ಮಕ್ಕಳು, ಒಂದು ಅಡುಗೆ ಕೋಣೆ, ಒಂದು ಧ್ವಜದ ಕಂಬ. ಕರ್ನಾಟಕದ ಯಾವ ಹೋಬಳಿಗೆ ಹೋದರೂ ಇಂಥ ಶಾಲೆಗಳಿವೆ. ಕೊರೊನಾ ಬಂದು 2020ರ ಮಾರ್ಚಿನಲ್ಲಿ ಇವಕ್ಕೆಲ್ಲ ಒಟ್ಟಿಗೇ ಬೀಗ ಬಿತ್ತು.

ಬೀಗ ಬಿದ್ದ ಮೇಲೂ ಶಾಲೆ ಹೇಗೆ ಉಳಿಯಿತು ಎಂಬುದನ್ನು ನೆನೆಯುವಾಗ ನಮಗೆ ಮೊದಲು ಹೊಳೆಯುವುದು ಮೊಬೈಲು. ನಗರದ ಮನೆಗಳ ಮಟ್ಟಿಗೆ ಅದು ನಿಜವೂ ಹೌದು. ಹಳ್ಳಿಯ ಸರ್ಕಾರಿ ಶಾಲೆ ಉಳಿದದ್ದು ಒಂದು ಸಾದಾ ನೋಟ್‌ಬುಕ್ಕಿನಲ್ಲಿ, ಮೇಷ್ಟ್ರು ಮನೆಮನೆ ಸುತ್ತಿ ಬರೆದುಕೊಂಡ ಒಂದು ಪಟ್ಟಿಯಲ್ಲಿ ಎಂಬುದು ನನ್ನ ನಂಬಿಕೆ. ಆ ಪಟ್ಟಿಯ ಬೆನ್ನಿಗೆ ಹುಟ್ಟಿದ ವ್ಯವಸ್ಥೆಯ ಹೆಸರು ‘ವಿದ್ಯಾಗಮ’. ಇಂದಿಗೆ ಅರ್ಧ ಮರೆತುಹೋಗಿರುವ ಅದನ್ನು ಪರಿಚಯಿಸುವುದೇ ಈ ಬರಹದ ಕೆಲಸ.

ಆ ವರ್ಷದ ಜೂನ್ ತಿಂಗಳನ್ನು ನೆನಪಿಸಿಕೊಳ್ಳಿ. ಶಾಲೆ ತೆರೆಯುವ ಹೊತ್ತಿಗೆ ಶಾಲೆ ತೆರೆಯಲಿಲ್ಲ. ಖಾಸಗಿ ಶಾಲೆಗಳು ಆನ್‌ಲೈನ್ ತರಗತಿ ಶುರು ಮಾಡಿದವು. ಎಳೆಯ ಮಕ್ಕಳನ್ನು ಪರದೆಯ ಮುಂದೆ ಕೂರಿಸುವುದು ಬೇಡವೆಂದು ರಾಜ್ಯ ಸರ್ಕಾರ ಕೆಳಗಿನ ತರಗತಿಗಳಿಗೆ ಅದನ್ನು ನಿಷೇಧಿಸಿತು. ಜುಲೈನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ಪತ್ರಿಕೆಗಳ ತುಂಬ ಇದೇ ಚರ್ಚೆ. ಆನ್‌ಲೈನ್ ಬೇಕೋ ಬೇಡವೋ ಎಂಬ ಈ ವಾದದಲ್ಲಿ ಆನ್‌ಲೈನ್ ಎಂಬುದೇ ಇಲ್ಲದ ಮನೆಯ ಮಗುವಿನ ಮಾತು ಹೆಚ್ಚಾಗಿ ಬರಲೇ ಇಲ್ಲ. ಆ ಮನೆಯಲ್ಲಿ ಇರುವುದು ಒಂದೇ ಫೋನು. ಅದು ಬೆಳಿಗ್ಗೆ ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತದೆ, ಕತ್ತಲಾದ ಮೇಲೆ ಮನೆಗೆ ಬರುತ್ತದೆ. ಬಂದಾಗ ಚಾರ್ಜ್ ಇರುವುದಿಲ್ಲ, ಚಾರ್ಜ್ ಇದ್ದರೆ ಕರೆನ್ಸಿ ಇರುವುದಿಲ್ಲ. ಗುಡ್ಡದ ಮರೆಯ ಊರಾದರೆ ಸಿಗ್ನಲ್ಲಿಗಾಗಿ ಮನೆಯ ತಾರಸಿಯನ್ನೋ ಹೊಲದ ಬದುವನ್ನೋ ಹತ್ತಿ ನಿಲ್ಲಬೇಕು.

ಆಗಸ್ಟಿನಲ್ಲಿ ಶಿಕ್ಷಣ ಇಲಾಖೆ ವಿದ್ಯಾಗಮವನ್ನು ಜಾರಿಗೆ ತಂದಿತು. ಆಗ ಎಸ್. ಸುರೇಶ್ ಕುಮಾರ್ ಶಿಕ್ಷಣ ಸಚಿವರು. ಮಕ್ಕಳು ಶಾಲೆಗೆ ಬರಲಾಗದಿದ್ದರೆ ಶಿಕ್ಷಕರು ಮಕ್ಕಳಿರುವಲ್ಲಿಗೆ ಹೋಗಬೇಕು. ಒಬ್ಬೊಬ್ಬ ಶಿಕ್ಷಕರೂ 20-25 ಮಕ್ಕಳಿಗೆ ಮಾರ್ಗದರ್ಶಿಯಾಗಬೇಕು. ಯೋಜನೆಯ ತಿರುಳು ಇಷ್ಟೇ. ಆದರೆ ಹೋಗುವ ಮೊದಲು ಯಾರು ಎಲ್ಲಿದ್ದಾರೆಂದು ತಿಳಿಯಬೇಕಲ್ಲ? ಅದಕ್ಕಾಗಿ ಪಟ್ಟಿ. ಮನೆಯಲ್ಲಿ ಇಂಟರ್ನೆಟ್ ಇರುವ ಸ್ಮಾರ್ಟ್‌ಫೋನೋ ಕಂಪ್ಯೂಟರೋ ಇರುವ ಮಕ್ಕಳದು ಒಂದು ಗುಂಪು. ಮಾತಾಡಲು ಮಾತ್ರ ಬರುವ ಸಾದಾ ಫೋನಿನವರದು ಇನ್ನೊಂದು. ಏನೂ ಇಲ್ಲದವರದು ಮೂರನೆಯದು. ಮೊದಲ ಗುಂಪಿಗೆ ವಾಟ್ಸ್ಯಾಪಿನಲ್ಲಿ ಪಾಠ, ಎರಡನೆಯದಕ್ಕೆ ಕರೆ ಮಾಡಿ ವಿಚಾರಣೆ, ಮೂರನೆಯದಕ್ಕೆ ಮೇಷ್ಟ್ರೇ ಖುದ್ದು ಹಾಜರು. ಕಾಗದದ ಮೇಲೆ ಹೀಗೆ ಮೂರಾಗಿ ಸೀಳಿದ್ದು ಊರೊಳಗೆ ಹೋದಾಗ ಬಹಳ ದಿನ ನಿಲ್ಲಲಿಲ್ಲ. ಒಂದು ಬೀದಿಯಲ್ಲಿ ಮೇಷ್ಟ್ರು ಬಂದು ಕೂತರೆ ಫೋನ್ ಇರುವ ಮಗುವೂ ಬರುತ್ತಿತ್ತು, ಇಲ್ಲದ ಮಗುವೂ ಬರುತ್ತಿತ್ತು. ಪಕ್ಕದ ಮನೆಯ ಕಾನ್ವೆಂಟಿನ ಹುಡುಗನೂ ಬಂದು ಕೂರುತ್ತಿದ್ದ. ನೆರಳು ಎಲ್ಲಿದೆಯೋ ಅಲ್ಲೇ ತರಗತಿ: ದೇವಸ್ಥಾನದ ಪ್ರಾಂಗಣ, ಅರಳಿಕಟ್ಟೆ, ಸಮುದಾಯ ಭವನ, ಯಾರದೋ ಮನೆಯ ಉದ್ದನೆಯ ಜಗಲಿ. ಜನ ಇದಕ್ಕೆ ‘ವಠಾರ ಶಾಲೆ’ ಎಂದರು. ಇಲಾಖೆ ಇಟ್ಟ ಹೆಸರಿಗಿಂತ ಇದೇ ಹೆಚ್ಚು ಜನರ ನಾಲಿಗೆಗೆ ಹತ್ತಿತು.

ಜಗಲಿಯ ಮೇಲಿನ ಶಾಲೆ ನಮ್ಮ ನಾಡಿಗೆ ಹೊಸದಲ್ಲ. ಸರ್ಕಾರಿ ಶಾಲೆಗಳು ಬರುವುದಕ್ಕೆ ಮುಂಚೆ ಊರೂರಲ್ಲಿ ಇದ್ದದ್ದು ಕೂಲಿಮಠ. ಅಯ್ಯನವರು ಯಾರದೋ ಜಗಲಿಯಲ್ಲೋ ಗುಡಿಯ ಪಡಸಾಲೆಯಲ್ಲೋ ಕೂತು, ಮರಳಿನ ಮೇಲೆ ಮಕ್ಕಳ ಬೆರಳು ಹಿಡಿದು ಅಕ್ಷರ ತಿದ್ದಿಸುತ್ತಿದ್ದರು. ಊರವರು ಕಾಳುಕಡ್ಡಿ ಅಳೆದು ಕೊಡುತ್ತಿದ್ದರು. ಊರಿಗೆ ರೋಗ ಬಂದು ಬಾಳು ಚದುರುವುದೂ ಹೊಸದಲ್ಲ. 1898ರಲ್ಲಿ ಮೈಸೂರು ಸೀಮೆಗೆ ಪ್ಲೇಗು ಕಾಲಿಟ್ಟ ಮೇಲೆ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದ ಕತೆಗಳನ್ನು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಪ್ಲೇಗಿನಮ್ಮನ ಗುಡಿಗಳು ಇನ್ನೂ ಇವೆ. ಹಾಗಾಗಿ ಅರಳಿಕಟ್ಟೆಯ ಮೇಲೆ ಮೇಷ್ಟ್ರು ಕಪ್ಪು ಹಲಗೆ ಒರಗಿಸಿ ಕೂತಾಗ ಹಳಬರಿಗೆ ಅದು ವಿಚಿತ್ರವೆನಿಸಲಿಲ್ಲ. ಶಾಲೆ ತಾನು ಹುಟ್ಟಿದ ಜಾಗಕ್ಕೆ ಮರಳಿ ಬಂದಿತ್ತು.

ಇನ್ನೊಂದು ಅನುಕೂಲವೂ ಒದಗಿಬಂತು ಎಂದು ನನಗನ್ನಿಸುತ್ತದೆ. ವಠಾರ ಶಾಲೆಯಲ್ಲಿ ಒಂದನೇ ಕ್ಲಾಸಿನ ಮಗುವಿನ ಪಕ್ಕದಲ್ಲೇ ಐದನೇ ಕ್ಲಾಸಿನ ಅಕ್ಕ ಕೂತಿರುತ್ತಾಳೆ. ಹೀಗೆ ಬೆರೆತ ಮಕ್ಕಳಿಗೆ ಕಲಿಸುವ ಕಲೆ ನಮ್ಮ ಸರ್ಕಾರಿ ಶಾಲೆಯ ಶಿಕ್ಷಕರಿಗೆ ಮೊದಲೇ ಗೊತ್ತಿತ್ತು. 1990ರ ದಶಕದಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಕಟ್ಟಿದ ‘ನಲಿ ಕಲಿ’ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ನೆಲದ ಮೇಲೆ ಗುಂಪುಗುಂಪಾಗಿ ಕೂತು, ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ಬೆಂಚು ಬೇಡ, ಒಂದೇ ಗತಿಯ ಪಾಠ ಬೇಡ. ನಲಿ ಕಲಿಯನ್ನು ರೂಢಿಸಿಕೊಂಡ ಕೈಗಳಿಗೆ ಜಗಲಿ ಅಪರಿಚಿತವಾಗಲು ಸಾಧ್ಯವಿರಲಿಲ್ಲ. ಖಾಸಗಿ ಶಾಲೆಯ ಪರದೆ ಮಾಡಲಾರದ ಕೆಲಸವನ್ನು ಇದು ಮಾಡಿತು ಎಂದು ಹೇಳಲು ನನಗೆ ಸಂಕೋಚವಿಲ್ಲ.

2020ರಲ್ಲಿ ಒಂದನೇ ತರಗತಿಗೆ ಸೇರಿದ ಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. ರಾಜ್ಯದಲ್ಲಿ ಒಂದರಿಂದ ಐದನೇ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಅಷ್ಟು ಹೊತ್ತಿಗೆ ಆ ಮಕ್ಕಳು ಎರಡನೇ ತರಗತಿಯಲ್ಲಿದ್ದರು. ಶಾಲೆಯ ಬಾಗಿಲು ದಾಟದೆಯೇ ಒಂದನೇ ಕ್ಲಾಸು ಮುಗಿಸಿದ ಆ ಮಕ್ಕಳಿಗೆ ‘ಮೇಷ್ಟ್ರು’ ಎಂದರೆ ಬೀದಿಗೆ ಬರುವವರು, ‘ಶಾಲೆ’ ಎಂದರೆ ಅಜ್ಜಿ ಅವರೆಕಾಯಿ ಸುಲಿಯುತ್ತ ಕೂರುವ ಜಗಲಿ. ಅಕ್ಷರವನ್ನು ಮೊದಲು ಕಂಡದ್ದೂ ಅಲ್ಲೇ. ಅಲ್ಲಿಗೂ ಯಾರೂ ಹೋಗದಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಎದೆ ಭಾರವಾಗುತ್ತದೆ. ಹೊಲದಲ್ಲಿ ಕಳೆ ಕೀಳುವ ಕಾಲ, ರೇಷ್ಮೆಹುಳುವಿಗೆ ಸೊಪ್ಪು ತರುವ ಕಾಲ, ಮನೆಯಲ್ಲಿ ಕೈ ಕಡಿಮೆ. ಹತ್ತು ವರ್ಷದ ಹುಡುಗ ಕುರಿ ಹಿಂದೆ ಹೋಗಲು, ಹದಿನೈದರ ಹುಡುಗಿಗೆ ಗಂಡು ನೋಡಲು ಹೆಚ್ಚು ದಿನ ಬೇಕಾಗಿರಲಿಲ್ಲ. ಮೇಷ್ಟ್ರ ಪಟ್ಟಿಯಲ್ಲಿ ಹೆಸರಿರುವ ಮಗುವನ್ನು ವಾರಕ್ಕೊಮ್ಮೆಯಾದರೂ ಯಾರೋ ಕೇಳಿಕೊಂಡು ಬರುತ್ತಾರೆ. ‘ಎಲ್ಲವ್ವಾ ನಿನ್ ಮಗ್ಳು?’ ಎಂದು ಬಾಗಿಲಲ್ಲಿ ನಿಂತು ಕೇಳುವುದಿದೆಯಲ್ಲ, ಅದೂ ಪಾಠವೇ.

ಪಟ್ಟಿ ಹಿಡಿದು ಹೋದವರು ಬರಿಗೈಯಲ್ಲೂ ಹೋಗಲಿಲ್ಲ. ಅಕ್ಷರ ದಾಸೋಹದ ಬಿಸಿಯೂಟ ನಿಂತಿದ್ದರಿಂದ ಮಕ್ಕಳ ಪಾಲಿನ ಅಕ್ಕಿ ಬೇಳೆಯನ್ನು ಲೆಕ್ಕ ಹಾಕಿ ಮನೆಯವರಿಗೆ ಹಂಚುವ ಕೆಲಸವೂ ಶಾಲೆಯ ಮೇಲೆಯೇ ಬಿತ್ತು. ದಿನಗಟ್ಟಲೆ ತೂಗಿ, ಸಹಿ ಹಾಕಿಸಿಕೊಂಡು ಕಳಿಸುವ ಶ್ರಮ ಅದು. ಆದರೆ ಆ ನೆಪದಲ್ಲಿ ಅಪ್ಪ ಅಮ್ಮಂದಿರು ಶಾಲೆಯ ಅಂಗಳಕ್ಕೆ ಬಂದರು, ಮಾತಾಡಿದರು.

ಇದರ ಜೊತೆಗೆ ಟಿವಿಯೂ ಕೈಹಿಡಿಯಿತು. ದೂರದರ್ಶನದ ಚಂದನ ವಾಹಿನಿ ಮೊದಲು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ‘ಪುನರ್ಮನನ’ವನ್ನು, ಆಮೇಲೆ 2020ರ ಜುಲೈನಿಂದ ‘ಸಂವೇದ’ ಪಾಠಗಳನ್ನು ಬಿತ್ತರಿಸಿತು. ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಕೇರಳ ಸರ್ಕಾರದ ‘ಫಸ್ಟ್ ಬೆಲ್’ ಪಾಠಗಳು ಕನ್ನಡದಲ್ಲಿ ದೊರೆತವು. ಟಿವಿಯಲ್ಲಿ ಪಾಠ ಬರುವುದು ಕರ್ನಾಟಕದ ಹಳ್ಳಿಗಳಿಗೆ ಮೊದಲ ಸಲವೂ ಅಲ್ಲ: 1975-76ರಲ್ಲೇ ಉಪಗ್ರಹದ ಮೂಲಕ ನಡೆದ ‘ಸೈಟ್’ ಪ್ರಯೋಗದಲ್ಲಿ ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಪಾಲ್ಗೊಂಡಿದ್ದವು. ಟಿವಿಗೆ ಒಂದು ಮಿತಿ ಇದೆ. ಅದು ಹೇಳುತ್ತದೆ, ಕೇಳುವುದಿಲ್ಲ. ಕೇಳಲು ಮನುಷ್ಯರೇ ಬೇಕು. ಕೊಡಗಿನಲ್ಲಿ ಶಿಕ್ಷಕರೊಬ್ಬರು ಸಿಗ್ನಲ್ಲಿಗಾಗಿ ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡು ಪಾಠ ಮಾಡಿದ್ದು, ಸುಳ್ಯದ ಕಡೆ ಮಳೆಯಲ್ಲಿ ರಸ್ತೆಬದಿ ಕೂತ ಮಗಳಿಗೆ ತಂದೆ ಕೊಡೆ ಹಿಡಿದು ನಿಂತದ್ದು ಆಗ ಎಲ್ಲರ ಕಣ್ಣಿಗೆ ಬಿದ್ದ ಚಿತ್ರಗಳು. ನನ್ನ ಮನಸ್ಸಿನಲ್ಲಿ ಉಳಿದದ್ದು ಮೊಬೈಲಿಗಿಂತ ಹೆಚ್ಚಾಗಿ ಆ ಕೊಡೆ ಹಿಡಿದ ಕೈ.

ವಿದ್ಯಾಗಮ ಸುಗಮವಾಗಿ ಸಾಗಿತೆಂದು ಬರೆದರೆ ಸುಳ್ಳಾಗುತ್ತದೆ. ಎರಡು ತಿಂಗಳು ತುಂಬುವಷ್ಟರಲ್ಲಿ ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ಸುದ್ದಿಗಳು ಬಂದವು. ಸಾವುಗಳೂ ಸಂಭವಿಸಿದವು. ಅಕ್ಟೋಬರಿನಲ್ಲಿ ಸರ್ಕಾರ ಕಾರ್ಯಕ್ರಮವನ್ನು ನಿಲ್ಲಿಸಿತು. ನಿಲ್ಲಿಸಿದ್ದು ಸರಿ ಎಂದವರೂ ಇದ್ದರು, ಬಡ ಮಕ್ಕಳಿಗಿದ್ದ ಒಂದೇ ದಾರಿಯೂ ಮುಚ್ಚಿತೆಂದವರೂ ಇದ್ದರು. ಇಬ್ಬರ ಮಾತಿನಲ್ಲೂ ನೋವಿತ್ತು. ಬೀದಿಗೆ ಕಳಿಸಿದ ಶಿಕ್ಷಕರಿಗೆ ರಕ್ಷಣೆಯ ಏರ್ಪಾಡನ್ನು ಇನ್ನೂ ಗಟ್ಟಿಯಾಗಿ ಮಾಡಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ಲಸಿಕೆ ಬರುವ ಮೊದಲಿನ ದಿನಗಳವು. ಮನೆಯಲ್ಲಿ ವಯಸ್ಸಾದ ತಂದೆ ತಾಯಿ ಇದ್ದೂ ಹೊರಟವರ ಋಣವನ್ನು ನಾವು ಯಾವ ಸನ್ಮಾನದಿಂದಲೂ ತೀರಿಸಿಲ್ಲ.

2021ರ ಜನವರಿ 1ರಂದು ಹತ್ತನೇ ತರಗತಿ ತೆರೆಯಿತು. ಆರರಿಂದ ಒಂಬತ್ತನೇ ತರಗತಿಯ ಮಕ್ಕಳಿಗೆ ವಿದ್ಯಾಗಮ ಪರಿಷ್ಕೃತ ರೂಪದಲ್ಲಿ ಶಾಲೆಯ ಅಂಗಳದಲ್ಲೇ ಮರಳಿತು. ಏಪ್ರಿಲ್ ಹೊತ್ತಿಗೆ ಎರಡನೇ ಅಲೆ ಬಂದು ಮತ್ತೆ ಎಲ್ಲ ಮುಚ್ಚಿತು. ಆ ವರ್ಷದ ಎಸ್ಸೆಸ್ಸೆಲ್ಸಿ ಪರೀಕ್ಷೆ ಜುಲೈ 19 ಮತ್ತು 22ರಂದು, ಎರಡೇ ದಿನದಲ್ಲಿ, ಸರಿಯುತ್ತರ ಆರಿಸಿ ಗುರುತಿಸುವ ಕ್ರಮದಲ್ಲಿ ಮುಗಿಯಿತು. ಆಗಸ್ಟ್ 23ರಿಂದ ಮೇಲಿನ ತರಗತಿಗಳು, ಸೆಪ್ಟೆಂಬರ್ 6ರಿಂದ ಆರು, ಏಳು, ಎಂಟು, ಕೊನೆಗೆ ಅಕ್ಟೋಬರಿನಲ್ಲಿ ಪುಟ್ಟ ಮಕ್ಕಳು. ಆ ಹೊತ್ತಿಗೆ ಶಿಕ್ಷಣ ಸಚಿವರಾಗಿದ್ದವರು ನಮ್ಮದೇ ತುಮಕೂರು ಜಿಲ್ಲೆಯ ತಿಪಟೂರಿನ ಅಂದಿನ ಶಾಸಕ ಬಿ.ಸಿ. ನಾಗೇಶ್. 2022ರ ಮೇ 16ರಂದು ‘ಕಲಿಕಾ ಚೇತರಿಕೆ’ ವರ್ಷಕ್ಕೆ ಚಾಲನೆ ಸಿಕ್ಕಿದ್ದೂ ತುಮಕೂರಿನ ಎಂಪ್ರೆಸ್ ಬಾಲಕಿಯರ ಶಾಲೆಯಲ್ಲಿ.

ಚೇತರಿಕೆ ಎಂಬ ಮಾತು ಏಕೆ ಬೇಕಾಯಿತೆಂದರೆ, ಗಾಯ ದೊಡ್ಡದಿತ್ತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಸರ್ಕಾರಿ ಶಾಲಾ ಮಕ್ಕಳನ್ನು ಪರಿಶೀಲಿಸಿ 2021ರ ಫೆಬ್ರುವರಿಯಲ್ಲಿ ಪ್ರಕಟಿಸಿದ ವರದಿಯಂತೆ, 92% ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಒಂದಾದರೂ ಭಾಷಾ ಸಾಮರ್ಥ್ಯವನ್ನು, 82% ಮಕ್ಕಳು ಒಂದಾದರೂ ಗಣಿತದ ಸಾಮರ್ಥ್ಯವನ್ನು ಕಳೆದುಕೊಂಡಿದ್ದರು. ಜಗಲಿಯ ಪಾಠ ಎಲ್ಲವನ್ನೂ ಕಾಪಾಡಲಿಲ್ಲ. ಮಗು ಮತ್ತು ಶಾಲೆಯ ನಡುವಿನ ದಾರ ತುಂಡಾಗದಂತೆ ಅದು ನೋಡಿಕೊಂಡಿತು. ತುಂಡಾಗದಿದ್ದ ದಾರದ ತುದಿ ಹಿಡಿದೇ ಮುಂದೆ ಚೇತರಿಕೆಯ ಕೆಲಸ ನಡೆಯಿತು.

ಆ ದಿನಗಳ ಇನ್ನೊಂದು ಫಲ ಇವತ್ತಿಗೂ ನಮ್ಮ ಕಣ್ಣೆದುರಿಗಿದೆ. 2020ರ ನವೆಂಬರಿನಲ್ಲಿ, ಮಕ್ಕಳ ದಿನಾಚರಣೆಯ ಹೊತ್ತಿಗೆ, ಗ್ರಾಮೀಣಾಭಿವೃದ್ಧಿ ಇಲಾಖೆ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಆರಂಭಿಸಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಸದಸ್ಯತ್ವವನ್ನು ಮಕ್ಕಳಿಗೆ ಉಚಿತವಾಗಿ ಕೊಟ್ಟಿತು. ರಾಜ್ಯದಲ್ಲಿ ಇಂಥ ಗ್ರಂಥಾಲಯಗಳು 5 ಸಾವಿರಕ್ಕೂ ಹೆಚ್ಚು. ಶಾಲೆ ಮುಚ್ಚಿದ್ದ ಕಾಲದಲ್ಲಿ ಮಕ್ಕಳಿಗಾಗಿ ತೆರೆದ ಈ ಬಾಗಿಲು ಮುಚ್ಚಲಿಲ್ಲ.

ಹುಲಿಯೂರುದುರ್ಗದ, ಕುಣಿಗಲ್ಲಿನ, ಗುಬ್ಬಿಯ, ಯಾವ ಊರಿನವರೇ ಆಗಲಿ, ಇದನ್ನು ಓದುತ್ತಿರುವ ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ. ಆಗ ನೀವು ಬೀದಿ ಬೀದಿ ಸುತ್ತಿ ಬರೆದ ನೋಟ್‌ಬುಕ್ಕುಗಳು, ಯಾರ ಮನೆಯಲ್ಲಿ ಫೋನಿದೆ, ಯಾರು ಹೊಲಕ್ಕೆ ಹೋಗಿದ್ದಾರೆ, ಯಾರ ಜಗಲಿಯಲ್ಲಿ ನಾಳೆ ಪಾಠ ಎಂದು ಗುರುತು ಹಾಕಿಕೊಂಡ ಪುಟಗಳು ನಿಮ್ಮ ಬೀರುವಿನಲ್ಲಿ ಇನ್ನೂ ಇದ್ದರೆ ರದ್ದಿಗೆ ಹಾಕಬೇಡಿ. ಶಾಲೆಯ ದಾಖಲೆಯ ಜೊತೆಗೆ ಜೋಪಾನವಾಗಿ ಎತ್ತಿಡಿ. ಜಗಲಿ ಬಿಟ್ಟುಕೊಟ್ಟ ಮನೆಯವರ ಹೆಸರು ನೆನಪಿದ್ದರೆ ಅದನ್ನೂ ಕೊನೆಯ ಪುಟದಲ್ಲಿ ಬರೆದಿಡಿ.