ಕೊನೆಗಾಲದಲ್ಲಿ ಜೊತೆಗಿರುವವರು: ನಿರ್ಯಾಪಕರು ಮತ್ತು ಇಂದಿನ ‘ಡೂಲಾ’

ಸಲ್ಲೇಖನ ವ್ರತ ಹಿಡಿದವರ ಹೆಸರು, ಉಪವಾಸದ ದಿನಗಳ ಲೆಕ್ಕ ಸಮಾಜದ ನೆನಪಿನಲ್ಲಿ ಉಳಿಯುತ್ತದೆ. ಹಗಲಿರುಳು ಪಕ್ಕದಲ್ಲಿದ್ದು ನೋಡಿಕೊಂಡವರನ್ನು ಮಾತ್ರ ಯಾರೂ ಕೇಳುವುದಿಲ್ಲ. ಆದರೆ ಶಾಸ್ತ್ರ ಅವರಿಗೊಂದು ಹೆಸರು ಕೊಟ್ಟಿದೆ. ಸಮಾಧಿಮರಣಕ್ಕೆ ಸಿದ್ಧರಾದ ಕ್ಷಪಕರಿಗೆ ನೆರವಾಗುವವರೇ ನಿರ್ಯಾಪಕರು.

ಪಾಶ್ಚಾತ್ಯ ದೇಶಗಳಲ್ಲಿ ಈಚೆಗೆ ‘ಡೆತ್ ಡೂಲಾ’ ಎಂಬ ವೃತ್ತಿ ಬೆಳೆಯುತ್ತಿದೆ. ಡೂಲಾ ಗ್ರೀಕ್ ಮೂಲದ ಪದ. ಸೇವೆ ಮಾಡುವವಳು ಎಂದರ್ಥ. ಮೊದಲು ಹೆರಿಗೆಯ ವೇಳೆ ಜೊತೆಗಿರುವವರಿಗೆ ಈ ಹೆಸರಿತ್ತು. ಕೊನೆಗಾಲದ ಡೂಲಾ ಇಂಜೆಕ್ಷನ್ ಕೊಡುವುದಿಲ್ಲ, ಔಷಧ ಬದಲಿಸುವುದಿಲ್ಲ. ರೋಗಿಯ ಮಾತು ಕೇಳುತ್ತಾರೆ, ಅವರ ಇಷ್ಟಗಳನ್ನು ಬರೆದಿಡುತ್ತಾರೆ, ಮುಂದೆ ದೇಹದಲ್ಲಿ ಏನಾಗುತ್ತದೆಂದು ಮನೆಯವರಿಗೆ ತಿಳಿಸುತ್ತಾರೆ, ದಣಿದವರನ್ನು ಮಲಗಲು ಕಳಿಸಿ ತಾವು ಎಚ್ಚರವಿರುತ್ತಾರೆ.

ಇದನ್ನು ಓದುವಾಗ ಶಿವಾರ್ಯರ ‘ಭಗವತೀ ಆರಾಧನಾ’ ನೆನಪಾಗದಿರದು. ಪ್ರಾಕೃತದ ಈ ಗ್ರಂಥ ಒಬ್ಬ ಕ್ಷಪಕರಿಗೆ 48 ನಿರ್ಯಾಪಕರನ್ನು ಹೇಳುತ್ತದೆ; ನಾಲ್ಕು ನಾಲ್ಕು ಜನರ ತಂಡ, ಪ್ರತಿ ತಂಡಕ್ಕೂ ಬೇರೆ ಕೆಲಸ. ಮಗ್ಗುಲು ಬದಲಿಸಿ ಕೈಕಾಲು ಒತ್ತುವವರು, ಧರ್ಮ ಹೇಳುವವರು, ಮಲಮೂತ್ರ ತೆಗೆಯುವವರು, ಬಾಗಿಲು ಕಾಯುವವರು, ರಾತ್ರಿ ಜಾಗರಣೆಯವರು. ಅಷ್ಟು ಜನ ಸಿಗದಿದ್ದರೆ ಸಂಖ್ಯೆ ಇಳಿಸಬಹುದು, ಆದರೆ ಎರಡಕ್ಕಿಂತ ಕೆಳಗಲ್ಲ. ಒಬ್ಬರೇ ಇದ್ದರೆ ಅವರು ಆಹಾರಕ್ಕೆ ಹೋದಾಗ ಕ್ಷಪಕರು ಒಂಟಿಯಾಗುತ್ತಾರೆ. ಹೋಗದೆ ಕುಳಿತರೆ ಸೇವೆ ಮಾಡುವವರೇ ಸೊರಗುತ್ತಾರೆ.

ಇದು ಮುನಿಸಂಘದ ವ್ಯವಸ್ಥೆ, ನಿಜ. ನಮ್ಮ ಮನೆಗಳಲ್ಲೋ? ಹಾಸಿಗೆ ಹಿಡಿದ ಅಜ್ಜಿಗೆ ಒಬ್ಬಳೇ ಸೊಸೆ. ನೋಡಲು ಬಂದವರಿಗೂ ಅವಳೇ ಕಾಫಿ ಮಾಡಬೇಕು! ನಾಲ್ಕು ಮನೆಯವರು ಸೇರಿ ಸರದಿ ಹಾಕಿಕೊಂಡು ವಾರಕ್ಕೆರಡು ರಾತ್ರಿ ಬಂದು ಕುಳಿತರೂ ಅದು ದೊಡ್ಡ ವೈಯಾವೃತ್ಯ.

ಕುಳಿತವರು ಕೆಲವು ವಿಷಯ ಅರಿತಿರಬೇಕು. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದರೆ ಹಾಸಿಗೆ ಹುಣ್ಣು ತಡೆಯಬಹುದು. ನುಂಗಲಾಗದವರ ಬಾಯಿಗೆ ನೀರು ಹಾಕಬಾರದು, ಅದು ಶ್ವಾಸಕೋಶಕ್ಕೆ ಇಳಿಯಬಹುದು. ಒದ್ದೆ ಹತ್ತಿಯಿಂದ ತುಟಿ ತೇವ ಮಾಡಿದರೆ ಸಾಕು. ಕೊನೆಯ ದಿನಗಳಲ್ಲಿ ಹಸಿವು ತಾನಾಗಿಯೇ ಇಂಗುತ್ತದೆ, ಗಂಟಲಲ್ಲಿ ಗೊರಗೊರ ಸದ್ದಾಗುತ್ತದೆ. ಮಾತು ನಿಂತ ಮೇಲೂ ಕಿವಿ ಕೇಳಿಸುತ್ತಿರಬಹುದು. ಹಾಗಾಗಿ ಆಸ್ತಿಯ ಮಾತು ಆ ಕೋಣೆಯಲ್ಲಿ ಬೇಡ. ಣಮೋಕಾರವನ್ನು ಒಬ್ಬರು ಮೆಲುದನಿಯಲ್ಲಿ ಹೇಳಲಿ.

ರಾತ್ರಿ ಆಹಾರ-ನೀರು ತ್ಯಾಗದ ನಿಯಮವಿರುವ ಹಿರಿಯರಿಗೆ ನೋವಿನ ಮಾತ್ರೆ ರಾತ್ರಿ ಕೊಡಬಹುದೇ? ಅವರು ಮಾತಾಡುವ ಸ್ಥಿತಿಯಲ್ಲಿರುವಾಗಲೇ ಅವರನ್ನೂ ಗುರುಗಳನ್ನೂ ವೈದ್ಯರನ್ನೂ ಕೇಳಿಟ್ಟುಕೊಳ್ಳಿ. ನಡುರಾತ್ರಿ ನರಳಾಟದ ಮುಂದೆ ಇದನ್ನು ಚರ್ಚಿಸಲಾಗದು.

ಇನ್ನೊಂದನ್ನು ಸ್ಪಷ್ಟವಾಗಿ ಹೇಳಬೇಕು. ಸಲ್ಲೇಖನ ಸ್ವ-ಇಚ್ಛೆಯಿಂದ, ಗುರುಗಳ ಅನುಮತಿಯಿಂದ ಹಿಡಿಯುವ ವ್ರತ. ಪ್ರಜ್ಞೆಯಿಲ್ಲದವರಿಗೆ ಮನೆಯವರು ಅದನ್ನು ಹೊರಿಸುವಂತಿಲ್ಲ. ‘ಹೇಗೂ ಹೋಗುವ ಜೀವ, ವ್ರತ ಕೊಡಿಸಿಬಿಡಿ’ ಎನ್ನುವ ನೆಂಟರಿಗೆ ಇಲ್ಲ ಎನ್ನುವುದೂ ಸೇವೆಯೇ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಸಲ್ಲೇಖನವನ್ನು ಅಪರಾಧವೆಂದಾಗ, ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ನೀಡಿತು. ಸಲ್ಲೇಖನ ಆತ್ಮಹತ್ಯೆಯೇ, ಧಾರ್ಮಿಕ ಆಚರಣೆಯೇ ಎಂಬುದೇ ಆ ವಿವಾದದ ಮುಖ್ಯ ಪ್ರಶ್ನೆಯಾಗಿತ್ತು.

ವ್ರತ ಬೇಡ, ಆದರೆ ವೆಂಟಿಲೇಟರ್ ಕೂಡ ಬೇಡ ಎನ್ನುವವರು ಮುಂಗಡ ನಿರ್ದೇಶನ ಬರೆದಿಡಬಹುದು. ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನು ಮಾನ್ಯ ಮಾಡಿ 2023ರಲ್ಲಿ ಸರಳಗೊಳಿಸಿದೆ: ಇಬ್ಬರು ಸಾಕ್ಷಿಗಳ ಎದುರು ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ಮುಂದುವರಿದ ಹಂತದ ಕ್ಯಾನ್ಸರ್ ಇದ್ದವರಿಗೆ ಬೆಂಗಳೂರಿನ ಕರುಣಾಶ್ರಯದಲ್ಲಿ ಉಚಿತ ಆರೈಕೆಯಿದೆ. ಉಳಿದ ಕಾಯಿಲೆಗಳಿಗೆ ನಿಮ್ಮ ವೈದ್ಯರಲ್ಲಿ ‘ಪ್ಯಾಲಿಯೇಟಿವ್ ಕೇರ್’ ಎಂದೇ ಹೆಸರಿಟ್ಟು ಕೇಳಿ; ಕೇಳದಿದ್ದರೆ ಎಷ್ಟೋ ಕಡೆ ಯಾರೂ ಹೇಳುವುದಿಲ್ಲ.